ಸೊನ್ನೆ ದಿನದ ಹಗ್ಗಗಳು

ಘಾಟ್ಕೋಪರ್
14 ಜನವರಿ 1974

ಅಬ್ಬಾ ಅವರಿಗೆ, ಸಲಾಂ.

ಹದಿನೆಂಟು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ನೀವು ಗೊತ್ತುಮಾಡಿದ್ದ ನಿಕಾಹದ ವಿಷಯಕ್ಕಲ್ಲ. ಆ ಮಾತು ನಾನು ಮನೆ ಬಿಟ್ಟ ದಿನವೇ ಮುಗಿಯಿತು. ಹಾಸ್ಟೆಲಿನಲ್ಲಿ ಚೆನ್ನಾಗಿದ್ದೇನೆ ಎಂದು ಅಮ್ಮಿಗೆ ಹೇಳಿ.

ಕೆಲಸದ ವಿಷಯವೊಂದನ್ನು ಕೇಳಬೇಕಾಗಿದೆ. ನಮ್ಮ ಕಚೇರಿ ಕಂಪನಿಗಳಿಗೆ ಅಂಕಿಸಂಖ್ಯೆಯ ವರದಿ ಬರೆದುಕೊಡುತ್ತದೆ. ಯಜಮಾನರು ರಮಾನಾಥ ಅಂತ, ಕಾರವಾರದ ಕಡೆಯವರು. ದಿನವಿಡೀ ಪಾನ್ ಜಗಿದು ಕಾಗದದ ಬುಟ್ಟಿಗೇ ಉಗುಳುತ್ತಾರೆ. ಆ ಬುಟ್ಟಿಯ ಪಕ್ಕದಲ್ಲಿ ಕೂತು ನಾನು ಊಟ ಮಾಡಬೇಕು. ಇರಲಿ. ಹೋದ ತಿಂಗಳು ವಿಮೆಯವರು ಒಂದು ಕೆಲಸ ತಂದರು: ಕ್ರೇನಿನ ವೈರ್ ರೋಪು, ಅದೇ ನಿಮ್ಮ ತಂತಿಹಗ್ಗ, ಎಷ್ಟು ದಿನ ಬಾಳುತ್ತದೆ, ಯಾವಾಗ ಬದಲಾಯಿಸಬೇಕು ಎಂದು ಹೇಳಬೇಕಂತೆ. ಅದಕ್ಕೆ ಒಂದು ಯಾರ್ಡಿನ ರಿಜಿಸ್ಟರಿನ ನಕಲು ಬಂದಿದೆ. ವಡಾಲದ್ದು. ಅಕ್ಷರ ನೋಡಿದ ಕೂಡಲೇ ತಿಳಿಯಿತು, ನಿಮ್ಮದೇ ಸ್ಟೋರಿನದು. ಏಳು ಬರೆಯುವಾಗ ನೀವು ಹಾಕುವ ಬಾಲ ಬೇರೆ ಯಾರೂ ಹಾಕುವುದಿಲ್ಲ.

ಇನ್ನೂರಹನ್ನೆರಡು ಹಗ್ಗಗಳು. ಪ್ರತಿಯೊಂದನ್ನೂ ಕಟ್ಟಿದ ತಾರೀಖು, ತುಂಡಾದ ಅಥವಾ ತೆಗೆದ ತಾರೀಖು. ಈ ಎರಡರ ನಡುವಿನ ದಿನಗಳೇ ಹಗ್ಗದ ಆಯುಷ್ಯ. ಆ ದಿನಗಳಿಗೆ ಒಪ್ಪುವಂಥ ಒಂದು ರೇಖೆ ಹುಡುಕುವುದು ನನ್ನ ಕೆಲಸ. ಕೈಲೆಕ್ಕದಲ್ಲಿ ಅದು ಮುಗಿಯುವಂಥದ್ದಲ್ಲ. ಫೋರ್ಟಿನಲ್ಲಿ ಬಾಡಿಗೆಗೆ ಕಂಪ್ಯೂಟರ್ ಸಿಗುತ್ತದೆ, ಮಂಗಳವಾರ ನಮ್ಮ ಸರದಿ. ನಾವು ಮೊದಲೊಂದು ಅಂದಾಜು ಕೊಡುತ್ತೇವೆ. ಯಂತ್ರ ಅದನ್ನು ತಿದ್ದುತ್ತದೆ, ತಿದ್ದಿದ್ದನ್ನು ಮತ್ತೆ ತಿದ್ದುತ್ತದೆ. ಇನ್ನು ತಿದ್ದುವುದಕ್ಕೆ ಏನೂ ಇಲ್ಲ ಎನ್ನುವಾಗ ನಿಲ್ಲುತ್ತದೆ.

ನಮ್ಮದು ಮೊದಲ ಸುತ್ತಿನಲ್ಲೇ ನಿಂತುಬಿಟ್ಟಿತು. ಸೊನ್ನೆಗೆ ಲಾಗರಿದಮ್ ಇಲ್ಲ ಎಂದು ಒಂದು ಸಾಲು ಅಚ್ಚು ಹಾಕಿ ಸುಮ್ಮನಾಯಿತು. ಹಗ್ಗಕ್ಕೊಂದರಂತೆ ತೂತು ಹೊಡೆದು ಯಂತ್ರಕ್ಕೆ ಕೊಟ್ಟ ಕಾರ್ಡುಗಳನ್ನೆಲ್ಲ ಮತ್ತೆ ನೋಡಿದೆ. ಹದಿನೇಳು ಹಗ್ಗಗಳ ಆಯುಷ್ಯ ಸೊನ್ನೆ ದಿನ. ಅಂದರೆ ಕಟ್ಟಿದ ದಿನವೇ ತುಂಡಾಗಿವೆ.

ಇದು ಬರೆಯುವಾಗ ಆದ ತಪ್ಪೇ? ಹೊಸ ಹಗ್ಗ ಮೊದಲ ದಿನವೇ ತುಂಡಾಗುತ್ತದೆಯೇ? ಇಪ್ಪತ್ತಾರು ವರ್ಷ ಹಗ್ಗ ಮುಟ್ಟಿದವರು ನೀವು. ತಿಳಿಸಿ.

ನಿಮ್ಮ
ಜೈತುನ


ವಡಾಲ
27 ಜನವರಿ 1974

ಮಗಳು ಜೈತುನಬಿಗೆ ಅಬ್ಬಾನ ದುವಾ.

ನಿನ್ನ ಕಾಗದ ಬಂತು. ನಿನ್ನ ಅಮ್ಮಿ ಬೀಬೀಜಾನಳಿಗೆ ಎರಡು ಸಲ ಓದಿ ಹೇಳಿದೆ. ಅವಳು ಕಾಗದವನ್ನು ಅಕ್ಕಿಡಬ್ಬಿಯಲ್ಲಿ ಇಟ್ಟುಕೊಂಡಿದ್ದಾಳೆ. "ಆಕಿ ಊಟದಾಗ ಉಗುಳೂ ಬುಟ್ಟಿ ಅಂತ, ಬಾಜೂಕ ಸರಸಿ ಇಡ್ಲಿಕ್ಕೆ ಹೇಳ್ರಿ," ಎಂದು ಬರೆಸಿದ್ದಾಳೆ.

ನನ್ನ ಅಕ್ಷರ ದೊಡ್ಡ ಕಚೇರಿಯ ಮೇಜಿನ ಮೇಲೆ, ಅದೂ ನನ್ನ ಮಗಳ ಮೇಜಿನ ಮೇಲೆ ಬಂದಿದೆ ಎಂದು ಕೇಳಿ ಸ್ಟೋರಿನಲ್ಲಿ ಎಲ್ಲರಿಗೂ ಹೇಳಿದೆ. ಬಾಗಲಕೋಟೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಅದು.

ಹಗ್ಗದ ವಿಷಯ ಕೇಳಿದ್ದೀ. ಹಗ್ಗ ಒಮ್ಮೆಲೇ ಸಾಯುವುದಿಲ್ಲ. ಮೊದಲು ಹೊರಗಿನ ಒಂದು ತಂತಿ ಕಡಿಯುತ್ತದೆ. ಆಮೇಲೆ ಪಕ್ಕದ್ದು. ಅಂಗೈ ಆಡಿಸಿದರೆ ಮೀನಿನ ಮುಳ್ಳಿನಂತೆ ಚುಚ್ಚುತ್ತದೆ. ಒಳಗಿನ ನಾರು ಒಣಗಿದರೆ ಹಗ್ಗ ಸಣ್ಣಗಾಗುತ್ತದೆ. ಇದಕ್ಕೆಲ್ಲ ವರ್ಷ, ಒಂದೂವರೆ ವರ್ಷ ಬೇಕು.

ನೀನು ಹೇಳಿದ ಹದಿನೇಳು ಬರವಣಿಗೆಯ ತಪ್ಪೇ ಇರಬೇಕು. ಗಡಿಬಿಡಿಯಲ್ಲಿ ಒಂದೇ ತಾರೀಖು ಎರಡೂ ಕಡೆ ಬರೆದಿರಬಹುದು. ಅವುಗಳನ್ನು ತೆಗೆದುಬಿಡು ಮಗಳೇ. ಇನ್ನೂರರ ಹತ್ತಿರ ಉಳಿಯುತ್ತವಲ್ಲ, ಸಾಲದೇ?

ಒಂದು ಭಾನುವಾರ ಬಂದು ಹೋಗು.

ನಿನ್ನ ಅಬ್ಬಾ
ಇಮಾಮಸಾಬ


ಘಾಟ್ಕೋಪರ್
20 ಫೆಬ್ರವರಿ 1974

ಅಬ್ಬಾ ಅವರಿಗೆ, ಸಲಾಂ.

ನೀವು ಹೇಳಿದ್ದನ್ನೇ ರಮಾನಾಥರೂ ಹೇಳಿದರು. "ಅಯ್ಯೋ ಜೈತುನ್, ಹದಿನೇಳು ಕಾರ್ಡಿಗಾಗಿ ಯಾಕೆ ತಲೆಕೆಡಿಸಿಕೊಳ್ತೀರಿ? ಸೊನ್ನೆ ಇದ್ದಲ್ಲಿ ಅರ್ಧ ದಿನ ಅಂತ ಪಂಚ್ ಮಾಡಿ, ಇಲ್ಲಾ ಬಿಸಾಕಿ." ನಾನು ಮೊದಲು ಅರ್ಧ ದಿನ ಎಂದು ಹಾಕಿದೆ. ಬೆಳಗ್ಗೆ ಕಟ್ಟಿದ್ದು ಸಂಜೆಯೊಳಗೆ ತುಂಡಾಗಿದೆ ಎಂದರೆ ಅರ್ಧ ದಿನ ಸುಳ್ಳೇನಲ್ಲ.

ಯಂತ್ರ ಈಗ ನಿಲ್ಲಲಿಲ್ಲ. ಬದಲಿಗೆ ದಾರಿ ತಪ್ಪಿತು. ಪ್ರತಿ ಸುತ್ತಿಗೂ ದೊಡ್ಡ ದೊಡ್ಡ ಹೆಜ್ಜೆ ಹಾಕಿ, ರೇಖೆಯ ಆಕಾರ ಹೇಳುವ, ಎಂದಿಗೂ ಸೊನ್ನೆಗಿಂತ ಕೆಳಗಿಳಿಯಬಾರದ ಸಂಖ್ಯೆಯನ್ನು ಕೆಳಗಿಳಿಸಿ, ಕೊನೆಗೆ ಒಂದು ಪುಟದ ತುಂಬ ನಕ್ಷತ್ರಗಳನ್ನು ಅಚ್ಚು ಹಾಕಿತು. ಅಂಕಿ ಜಾಗದಲ್ಲಿ ಹಿಡಿಸದಿದ್ದರೆ ಅದು ನಕ್ಷತ್ರ ಹಾಕುತ್ತದೆ. ಮೂರು ಮಂಗಳವಾರ ಅದರ ಹಿಂದೆ ಬಿದ್ದೆ. ಮೊದಲ ಅಂದಾಜನ್ನು ಬದಲಾಯಿಸಿದೆ. ದಿನಗಳ ಲೆಕ್ಕವನ್ನು ನೂರರಿಂದ ಭಾಗಿಸಿ ಚಿಕ್ಕದು ಮಾಡಿದೆ. ಹೆಜ್ಜೆ ಹಾಕಿದ ಮೇಲೆ ಹೊಂದಿಕೆ ಕೆಟ್ಟರೆ ಹೆಜ್ಜೆಯನ್ನು ಅರ್ಧ ಮಾಡು, ಇನ್ನೂ ಕೆಟ್ಟರೆ ಅದರ ಅರ್ಧ ಮಾಡು ಎಂದು ಬರೆದೆ. ಆ ಸಂಖ್ಯೆಯ ಬದಲು ಅದರ ಲಾಗರಿದಮನ್ನೇ ಹುಡುಕಲು ಹೇಳಿದೆ. ಆಗ ಅದು ಸೊನ್ನೆಗಿಂತ ಕೆಳಗೆ ಹೋಗಲು ದಾರಿಯೇ ಇರುವುದಿಲ್ಲ. ನಿನ್ನೆ, ಹನ್ನೊಂದನೆಯ ಸುತ್ತಿಗೆ, ಉತ್ತರ ಬಂತು.

ಉತ್ತರ ನೋಡಿ ನನಗೆ ಗಾಬರಿಯಾಯಿತು ಅಬ್ಬಾ. ಆ ರೇಖೆಯ ಆಕಾರ ಹೇಳುವ ಸಂಖ್ಯೆ ಒಂದಕ್ಕಿಂತ ಹೆಚ್ಚಿದ್ದರೆ ವಸ್ತು ಹಳೆಯದಾದಂತೆ ದುರ್ಬಲವಾಗುತ್ತದೆ ಎಂದರ್ಥ. ನಮಗೆ ಬಂದದ್ದು ಒಂದಕ್ಕಿಂತ ಕಡಿಮೆ. ಅಂದರೆ ನಿಮ್ಮ ಯಾರ್ಡಿನಲ್ಲಿ ಹಗ್ಗ ಹಳೆಯದಾದಷ್ಟೂ ಸುರಕ್ಷಿತ, ಹೊಸ ಹಗ್ಗದಷ್ಟು ಅಪಾಯದ್ದು ಇನ್ನೊಂದಿಲ್ಲ. ರಮಾನಾಥರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಾಗಾದ್ರೆ ಹೊಸಾ ಹಗ್ಗ ಕೊಳ್ಳೋದೇ ಬೇಡ ಅಂತ ಬರೆಯೋಣವಾ?" ಎಂದು ಕೇಳಿ ಬುಟ್ಟಿಗೆ ಉಗುಳಿದರು.

ನಾನು ನಗಲಿಲ್ಲ. ಯಂತ್ರವನ್ನು ಪಕ್ಕಕ್ಕಿಟ್ಟು, ಗ್ರಾಫ್ ಕಾಗದದ ಮೇಲೆ ಇನ್ನೂರಹನ್ನೆರಡನ್ನೂ ಪೆನ್ಸಿಲಿನಿಂದ ಗುರುತಿಸಿದೆ. ಒಂದೇ ಬಗೆಯ ಹಗ್ಗಗಳಾದರೆ ಚುಕ್ಕಿಗಳು ಒಂದು ಗೆರೆಯ ಮೇಲೆ ಬರಬೇಕು. ಬಂದದ್ದು ಎರಡು ಗೆರೆ, ನಡುವೆ ಮೊಣಕೈ ಮಡಿಸಿದ ಹಾಗೆ. ಒಂದು ಗೆರೆಯವು ವರ್ಷಕ್ಕೂ ಹೆಚ್ಚು ಬಾಳಿವೆ. ಇನ್ನೊಂದು ಗೆರೆಯವು ಕಟ್ಟಿದ ದಿನವೇ, ಮೂರನೆಯ ದಿನ, ಹತ್ತನೆಯ ದಿನ ತುಂಡಾಗಿವೆ. ಅವು ಹೊಸ ಹಗ್ಗಗಳಲ್ಲ. ಎಲ್ಲೋ ತಮ್ಮ ಆಯುಷ್ಯ ಮುಗಿಸಿಕೊಂಡೇ ನಿಮ್ಮ ಸ್ಟೋರಿಗೆ ಬಂದವು.

ಹದಿನೇಳು ಸೊನ್ನೆಗಳ ತಾರೀಖುಗಳನ್ನು ಒಂದೊಂದಾಗಿ ಓದಿದೆ. ಒಂಬತ್ತನೆಯದು 9 ಅಕ್ಟೋಬರ್ 1971. ಅದು ಕೊರಗಪ್ಪಣ್ಣ ಸತ್ತ ದಿನ. ನಮ್ಮ ಖೋಲಿಯ ಗೋಡೆಯಾಚೆ ಇದ್ದವರು, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವರು. ಕ್ರೇನಿನ ಹೊರೆಯ ಕೆಳಗೆ ನಿಂತದ್ದು ಅವರದೇ ತಪ್ಪು ಎಂದು ವಿಚಾರಣೆಯಲ್ಲಿ ನೀವು ಸಾಕ್ಷಿ ಹೇಳಿದಿರಿ. ನಾನು ಅವರ ಹೆಂಡತಿ ಶೀಲಕ್ಕನ ಕೈ ಹಿಡಿದುಕೊಂಡು ಅಲ್ಲೇ ಕೂತಿದ್ದೆ.

ಅಂದು ತುಂಡಾದದ್ದು ಹೊಸ ಹಗ್ಗವೇ?

ಜೈತುನ


(ಪೋಸ್ಟ್ ಕಾರ್ಡು)

ವಡಾಲ
3 ಮಾರ್ಚ್ 1974

ಜೈತುನಬಿಗೆ ದುವಾ. ಕಾಗದ ತಲುಪಿತು. ಇಂಥ ಮಾತನ್ನು ಟಪಾಲಿನಲ್ಲಿ ಕೇಳಬಾರದು. ಇಲ್ಲಿ ಕಾಗದಗಳು ಯಾರ್ಡಿನ ಆಫೀಸಿನಿಂದ ಹಾಯ್ದು ಬರುತ್ತವೆ. ನಿನ್ನ ಯಜಮಾನರು ಹೇಳಿದಂತೆ ಮಾಡು. ಅಮ್ಮಿಗೆ ಕೆಮ್ಮು ಇದೆ.

ಇಮಾಮಸಾಬ


ಘಾಟ್ಕೋಪರ್
2 ಜೂನ್ 1974

ಅಬ್ಬಾ,

ಮೂರು ತಿಂಗಳು ಕಾದೆ. ರೈಲು ಮುಷ್ಕರದ ದಿನಗಳಲ್ಲಿ ನಿಮ್ಮ ಕಾಗದ ಎಲ್ಲೋ ಸಿಕ್ಕಿಕೊಂಡಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಮುಷ್ಕರ ಮುಗಿದು ಬಾಕಿ ಟಪಾಲೆಲ್ಲ ಬಂತು. ನಿಮ್ಮದು ಇರಲಿಲ್ಲ.

ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ನಮ್ಮ ಹಾಸ್ಟೆಲಿನ ಇಂದ್ರಾಬಾಯಿ ವಡಾಲದ ಆಸ್ಪತ್ರೆಗೆ ಹೋಗುತ್ತಾರೆ, ಕೈಗೇ ಕೊಡುತ್ತಾರೆ. ಯಾರೂ ಓದುವುದಿಲ್ಲ.

ನಾನು ಮಾಡಿದ್ದನ್ನು ಮೊದಲು ಹೇಳುತ್ತೇನೆ. ಮಾರ್ಚಿನಲ್ಲಿ, ನಿಮ್ಮ ಪೋಸ್ಟ್ ಕಾರ್ಡು ಬಂದ ಮರುವಾರ, ಆ ಹದಿನೇಳನ್ನೂ ಅವುಗಳ ಜೊತೆಗೆ ಹತ್ತು ದಿನದೊಳಗೆ ತುಂಡಾದ ಇನ್ನಿಪ್ಪತ್ತೆರಡನ್ನೂ ಕಾರ್ಡಿನ ಕಟ್ಟಿನಿಂದ ಎಳೆದು ತೆಗೆದೆ. ರಮಾನಾಥರು ಪಕ್ಕದಲ್ಲಿ ನಿಂತಿದ್ದರು, ಆದರೆ ಎಳೆದದ್ದು ನನ್ನ ಕೈ. ಉಳಿದ ಕಾರ್ಡುಗಳನ್ನು ಕೊಟ್ಟರೆ ಯಂತ್ರ ಐದೇ ಸುತ್ತಿಗೆ ನಿಂತಿತು. ಒಂದು ಎಚ್ಚರಿಕೆಯಿಲ್ಲ, ಒಂದು ನಕ್ಷತ್ರವಿಲ್ಲ. ಚುಕ್ಕಿಗಳೆಲ್ಲ ಒಂದೇ ಗೆರೆಯ ಮೇಲೆ. ಕಾಲೇಜಿನಲ್ಲಿ ಪಾಠ ಹೇಳಲು ಇಟ್ಟುಕೊಳ್ಳಬಹುದು, ಅಷ್ಟು ನೀಟು. "ನೋಡಿದಿರಾ? ಡೇಟಾ ಕ್ಲೀನ್ ಮಾಡಿದ್ರೆ ಎಷ್ಟು ಚಂದ ಆಗ್ತದೆ," ಎಂದರು ರಮಾನಾಥರು. ನಾನು ಮೋರಿಯ ಹತ್ತಿರ ಹೋಗಿ ವಾಂತಿ ಮಾಡಿಕೊಂಡೆ. ಬಂದವಳು ಕೈ ತೊಳೆದು ಮತ್ತೆ ಅದೇ ಕೆಲಸಕ್ಕೆ ಕೂತೆ. ಅದನ್ನು ನೆನೆದರೆ ವಾಂತಿಗಿಂತ ಹೆಚ್ಚು ಅಸಹ್ಯವಾಗುತ್ತದೆ.

ಈಗ ವರದಿ ಟೈಪಾಗುತ್ತಿದೆ. ಅದರಲ್ಲಿ ಏನಿದೆ ಗೊತ್ತೇ? ನಿಮ್ಮ ಯಾರ್ಡಿನ ಹಗ್ಗಗಳು ಸರಾಸರಿ ನಾನೂರಮೂವತ್ತು ದಿನ ಬಾಳುತ್ತವೆ, ಆದ್ದರಿಂದ ಮೊದಲ ಆರು ತಿಂಗಳು ತಪಾಸಣೆ ಬೇಡ ಎಂದಿದೆ. ಮೊದಲ ಆರು ತಿಂಗಳು! ಜನ ಸಾಯುವುದೇ ಆಗ. ಕೆಳಗೆ ತಯಾರಿಸಿದವರು ಎಂದು ನನ್ನ ಹೆಸರಿದೆ. ಜುಲೈನಲ್ಲಿ ಅದು ವಿಮೆಯವರ ಕೈ ಸೇರುತ್ತದೆ.

ಚುಕ್ಕಿಗಳು ಎರಡು ಗೆರೆ ಎಂದು ಹೇಳುತ್ತವೆ, ಯಾಕೆ ಎರಡು ಎಂದು ಹೇಳುವುದಿಲ್ಲ. ಅದನ್ನು ಹೇಳಬಲ್ಲವರು ನೀವೊಬ್ಬರೇ. ಸುಳ್ಳು ಹೇಳುವುದಾದರೆ ಬರೆಯಲೇಬೇಡಿ.

ಜೈತುನಬಿ


ವಡಾಲ
23 ಜೂನ್ 1974

ಜೈತುನಬಿಗೆ.

ಇಂದ್ರಾಬಾಯಿಯ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಹೇಳುವುದನ್ನು ಹೇಳಿ ಮುಗಿಸುತ್ತೇನೆ, ನಡುವೆ ನಿಲ್ಲಿಸಿದರೆ ಮತ್ತೆ ಬರೆಯಲಾರೆ.

ಅರವತ್ತೆಂಟರಲ್ಲಿ ಹೊಸ ಮ್ಯಾನೇಜರು ಬಂದ ಮೇಲೆ ಶುರುವಾಯಿತು. ಒಡೆದ ಹಡಗುಗಳಿಂದ ಹಳೆಯ ಹಗ್ಗ ಬರುತ್ತಿತ್ತು. ಅದನ್ನು ಸೀಮೆಎಣ್ಣೆಯಲ್ಲಿ ಉಜ್ಜಿ, ಎದ್ದು ನಿಂತ ತಂತಿಗಳನ್ನು ಕತ್ತರಿಸಿ, ಕೆಟ್ಟ ಜಾಗ ಇದ್ದಲ್ಲಿ ತುಂಡು ಮಾಡಿ ಹೆಣೆದು, ಬಿಸಿ ಗ್ರೀಸಿನಲ್ಲಿ ಅದ್ದಿ, ಹೊಸ ಡ್ರಮ್ಮಿಗೆ ಸುತ್ತುವುದು. ಮೇಲೆ ಹೊಸ ಚೀಟಿ. ಇದನ್ನು ಮಾಡಿದ್ದು ಬೇರೆ ಯಾರೂ ಅಲ್ಲ, ನಾನು. ಹೆಣೆದ ಜಾಗ ಕಣ್ಣಿಗೆ ಕಾಣದ ಹಾಗೆ ಮಾಡುವವನು ಆ ಯಾರ್ಡಿನಲ್ಲಿ ನಾನೊಬ್ಬನೇ ಇದ್ದೆ. ಮ್ಯಾನೇಜರು ಬಂದು ಹುಡುಕಿದರೂ ಸಿಗುತ್ತಿರಲಿಲ್ಲ. "ಇಮಾಮಸಾಬ, ಹಾಥ್ ಹೈ ಕಿ ಜಾದೂ," ಎನ್ನುತ್ತಿದ್ದ, ಇದು ಕೈಯೋ ಜಾದೂವೋ ಎಂದು. ಖುಷಿಯಾಗುತ್ತಿತ್ತು. ಇದನ್ನೂ ಬರೆಯಬೇಕು, ಅದಕ್ಕೇ ಬರೆದಿದ್ದೇನೆ.

ಕೊರಗಪ್ಪನ ಮೇಲೆ ಹೊರೆ ಬಿದ್ದದ್ದು ಅಂಥ ಹಗ್ಗದಿಂದಲೇ. ಅವನು ಕೆಳಗೆ ನಿಂತಿರಲಿಲ್ಲ. ಎಂಟು ಅಡಿ ಆಚೆ ಕೂತು ಬೀಡಿ ಹಚ್ಚುತ್ತಿದ್ದ. ಹಗ್ಗ ಕಡಿದಾಗ ಹೊರೆ ಓರೆಯಾಗಿ ಬಿತ್ತು. ಮ್ಯಾನೇಜರು ಬರೆದು ತಂದ ಕಾಗದಕ್ಕೆ ನಾನು ಸಹಿ ಮಾಡಿದೆ. ಶೀಲಾವತಿಗೆ ನಾನೇ ಹೇಳಿದೆ, "ನಾ ಬ್ಯಾಡ ಅಂದೆ ತಂಗಿ, ಕೇಳಲಿಲ್ಲ. ಕೆಳಗ ಹೋಗಿ ನಿಂತ."

ತಾರೀಖು ಮಾತ್ರ ತಪ್ಪು ಬರೆಯಲಿಲ್ಲ. ಮ್ಯಾನೇಜರು ಹೇಳಿದ್ದ, ಕಟ್ಟಿದ ದಿನವನ್ನು ಎರಡು ತಿಂಗಳು ಹಿಂದೆ ಹಾಕು ಎಂದು. ಆ ರಿಜಿಸ್ಟರು ನನ್ನ ಕೈಯಲ್ಲಿ ಇಪ್ಪತ್ತಾರು ವರ್ಷ ಇದೆ. ಯಾಕೋ ಆಗಲಿಲ್ಲ. ಅವನು ರಿಜಿಸ್ಟರು ತೆಗೆದು ನೋಡುವವನಲ್ಲ ಎಂದು ಗೊತ್ತಿತ್ತು.

ನೀನು ಆಗ ಎಂ.ಎಸ್ಸಿ. ಓದುತ್ತಿದ್ದೆ. ಕೆಲಸ ಹೋದರೆ ಕಂಪನಿ ಕೊಟ್ಟ ಖೋಲಿಯೂ ಹೋಗುತ್ತಿತ್ತು. ನಿನ್ನ ಓದು ನಿಲ್ಲಬಾರದು ಎಂದು ಬಾಯಿ ಮುಚ್ಚಿಕೊಂಡೆ.

ನಿನ್ನ ಅಬ್ಬಾ


ಘಾಟ್ಕೋಪರ್
1 ಜುಲೈ 1974

ಇಮಾಮಸಾಬ ಅವರಿಗೆ,

ನನ್ನ ಓದನ್ನು ಇದರೊಳಗೆ ಎಳೆದು ತರಬೇಡಿ. ಕಾಲೇಜು ಮುಗಿದು ಎರಡು ವರ್ಷವಾಯಿತು. ಈ ಎರಡು ವರ್ಷ ಯಾರಿಗಾಗಿ ಹಗ್ಗ ಹೆಣೆದಿರಿ?

ಆ ಸಾವಿನ ಮೂರನೆಯ ದಿನ ಶೀಲಕ್ಕನಿಗೆ ನೀವು ಅನ್ನ ಕಲಸಿ ತಿನ್ನಿಸಿದ್ದು ನನಗೆ ನೆನಪಿದೆ. ಎಷ್ಟು ಒಳ್ಳೆಯವರು ನನ್ನ ಅಬ್ಬಾ ಎಂದುಕೊಂಡಿದ್ದೆ. ಅದೇ ಕೈ. ಕಾಗದ ಓದಿದ ದಿನದಿಂದ ತುತ್ತು ಎತ್ತಿದರೆ ಗ್ರೀಸಿನ ವಾಸನೆ ಬರುತ್ತದೆ. ನನ್ನ ಕೈಯಿಂದಲೂ ಬರುತ್ತದೆ.

ಮೂವತ್ತೊಂಬತ್ತು ಕಾರ್ಡುಗಳನ್ನೂ ವಾಪಸು ಇಟ್ಟೆ. ಎಲ್ಲ ಹಗ್ಗಗಳಿಗೂ ಒಂದೇ ರೇಖೆ ಹುಡುಕಿದ್ದೇ ನಮ್ಮ ತಪ್ಪಾಗಿತ್ತು. ಎರಡು ಬಗೆಯ ಹಗ್ಗ ಬೆರೆತಿವೆ ಎಂದು ಯಂತ್ರಕ್ಕೆ ಹೇಳಿ, ಯಾವ ಬಗೆಯದು ಎಷ್ಟು ಪಾಲು ಎನ್ನುವುದನ್ನೂ ಅದೇ ಹುಡುಕಲಿ ಎಂದು ಬಿಟ್ಟೆ. ನಾಲ್ಕು ಬೇರೆ ಬೇರೆ ಕಡೆಯಿಂದ ಶುರು ಮಾಡಿಸಿದೆ. ನಾಲ್ಕೂ ಸಲ ಒಂದೇ ಉತ್ತರ: ನೂರಕ್ಕೆ ಹತ್ತೊಂಬತ್ತು ಹಗ್ಗ ಹಳೆಯವು.

ರಮಾನಾಥರ ಮುಂದೆ ಇಟ್ಟೆ. ಅವರು ಬಹಳ ಹೊತ್ತು ಓದಿದರು. ಅವರಿಗೆ ಅರ್ಥವಾಯಿತು ಅಬ್ಬಾ, ಎಲ್ಲ ಅರ್ಥವಾಯಿತು. ಅದು ಇನ್ನೂ ಹೊಲಸು. "ಲೆಕ್ಕ ಸರಿಯಿದೆ. ಆದರೆ ನಮಗೆ ಕೇಳಿದ್ದು ಇದಲ್ಲವಲ್ಲ," ಎಂದು ಹೇಳಿ ವರದಿಯನ್ನು ಡ್ರಾಯರಿನಲ್ಲಿ ಹಾಕಿಕೊಂಡರು. ಕಾರ್ಬನ್ ಪ್ರತಿ ನನ್ನ ಹತ್ತಿರವಿತ್ತು. ನನ್ನ ಹೆಸರು, ವಿಳಾಸ ಬರೆದು ಫ್ಯಾಕ್ಟರಿ ಇನ್ಸ್‌ಪೆಕ್ಟರರಿಗೂ ವಿಮೆಯವರಿಗೂ ಕೊಟ್ಟು ಬಂದೆ. ಮರುದಿನ ನನ್ನ ಮೇಜಿನ ಮೇಲೆ ಬೇರೆ ಹುಡುಗಿ ಕೂತಿದ್ದಳು.

ಇನ್ಸ್‌ಪೆಕ್ಟರರು ಕೇಳಿದರು, "ನಿಮ್ಮ ಅಂಕಿ ಹಳೆಯ ಹಗ್ಗ ಇದೆ ಅನ್ನುತ್ತದೆ. ತಂದವರು ಯಾರು, ಕಟ್ಟಿದವರು ಯಾರು?" ನಾನು ಹೇಳಲಿಲ್ಲ. ನಿಮ್ಮನ್ನು ಉಳಿಸಲಿಕ್ಕೆ ಅಂದುಕೊಳ್ಳಬೇಡಿ. ಅದನ್ನು ಹೇಳಬೇಕಾದವಳು ನಾನಲ್ಲ. ಮೊದಲು ಹೇಳಬೇಕಾದದ್ದು ಇನ್ಸ್‌ಪೆಕ್ಟರರಿಗೂ ಅಲ್ಲ. ಯಾರಿಗೆ ಎಂದು ನಿಮಗೆ ಗೊತ್ತಿದೆ.

ಜೈತುನಬಿ


ಮಲಾಡ್
18 ಆಗಸ್ಟ್ 1974

ಜೈತುನಬಿಗೆ.

ವಿಳಾಸ ಬದಲಾಗಿದೆ, ನೋಡಿಕೋ. ಖೋಲಿ ಖಾಲಿ ಮಾಡಿಸಿದರು. ಸದ್ಯ ನಿನ್ನ ಅಮ್ಮಿಯ ಅಣ್ಣನ ಮನೆಯಲ್ಲಿದ್ದೇವೆ.

ಜುಲೈ ಏಳರಂದು ಶೀಲಾವತಿಯ ಮನೆಗೆ ಹೋದೆ. ಅವಳು ಮಾಟುಂಗಾದ ಹೋಟೆಲಿನಲ್ಲಿ ರುಬ್ಬುವ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದಳು. ನನ್ನನ್ನು ನೋಡಿ ನಕ್ಕು, "ಬನ್ನಿ ಸಾಯ್ಬ್ರೆ, ಚಾ ಮಾಡ್ತೇನೆ," ಎಂದು ಸ್ಟೋವಿಗೆ ಪಂಪು ಹೊಡೆಯತೊಡಗಿದಳು. "ಚಾ ಬ್ಯಾಡ ತಂಗಿ. ಮೊದಲ ಕೇಳು," ಎಂದೆ. ನಿಂತುಕೊಂಡೇ ಎಲ್ಲ ಹೇಳಿದೆ. ಸೀಮೆಎಣ್ಣೆ, ಗ್ರೀಸು, ಚೀಟಿ, ಸಹಿ, ಎಲ್ಲ. ಸ್ಟೋವು ಉರಿಯುತ್ತಲೇ ಇತ್ತು.

ಅವಳು ಬೈಯಲಿಲ್ಲ, ಅಳಲೂ ಇಲ್ಲ. ಸ್ಟೋವಿನ ಉರಿಯನ್ನೇ ನೋಡುತ್ತ ಹೇಳಿದಳು: "ಮೂರು ವರ್ಷ ನಾನು ಅವರಿಗೆ ಬೈದಿದ್ದೇನೆ ಸಾಯ್ಬ್ರೆ. ಸತ್ತವರಿಗೆ. ಹೊರೆಯ ಅಡಿಗೆ ಹೋಗಿ ಎಂತಕ್ಕೆ ನಿಂತ್ರಿ, ನನ್ನ ನೆನಪು ಬರ್ಲಿಲ್ವಾ ಅಂತ ದಿನಾ ರುಬ್ಬುವಾಗ ಬೈದಿದ್ದೇನೆ. ಅವರು ಅಲ್ಲಿ ನಿಂತೇ ಇರ್ಲಿಲ್ಲ. ಆ ಬೈದದ್ದನ್ನೆಲ್ಲ ನಾನು ಈಗ ಹೇಗೆ ಹಿಂದೆ ತಕ್ಕೊಳ್ಳುವುದು?"

ಆಮೇಲೆ ಸ್ಟೋವು ಆರಿಸಿ ಬಾಗಿಲು ತೋರಿಸಿದಳು. ನನ್ನ ಜೀವಮಾನದಲ್ಲಿ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ಕಾಲಿಗೆ ಮೆತ್ತಿದ್ದನ್ನು ನೋಡುತ್ತಾರಲ್ಲ, ಹಾಗೆ ನೋಡಿದಳು.

ಮರುದಿನ ಇನ್ಸ್‌ಪೆಕ್ಟರರ ಕಚೇರಿಗೆ ಹೋಗಿ ಬರೆದುಕೊಟ್ಟೆ. ಅವರು ನನ್ನನ್ನು ಕರೆದುಕೊಂಡೇ ಸ್ಟೋರಿಗೆ ಬಂದರು. ಮ್ಯಾನೇಜರು ಎಲ್ಲ ಹೊಸದೇ ಎಂದು ಬಿಲ್ಲು ತೋರಿಸಿದ. "ಹಳೆಯದು ಯಾವುದು, ನೀವೇ ತೋರಿಸಿ," ಎಂದರು ಇನ್ಸ್‌ಪೆಕ್ಟರರು. ಮೂವತ್ತಾರು ಡ್ರಮ್ಮುಗಳಿದ್ದವು. ನಾನು ಕಣ್ಣು ಮುಚ್ಚಿ ಒಂದೊಂದರ ಮೇಲೂ ಅಂಗೈ ಆಡಿಸಿದೆ. ಎಂಟು ತೆಗೆದೆ. ಗ್ಯಾಸ್ ಕಟರಿನಿಂದ ಕತ್ತರಿಸಿ ನೋಡಿದರೆ ಎಂಟರಲ್ಲೂ ಒಳಗಿನ ನಾರು ಹಿಟ್ಟಾಗಿ ಉದುರಿತು. ಆ ಎಂಟರಲ್ಲಿ ಒಂದನ್ನು ನಾನು ಎಷ್ಟು ಚೆನ್ನಾಗಿ ಹೆಣೆದಿದ್ದೆನೆಂದರೆ ಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕೈ ಒಂದು ಕ್ಷಣ ನಿಂತಿತು. ನಿನಗೆ ಸುಳ್ಳು ಹೇಳುವುದಿಲ್ಲ, ನಿಂತಿತು. ಆಮೇಲೆ ಅದನ್ನೂ ತೋರಿಸಿದೆ.

ಕೇಸು ನಡೆಯುತ್ತದೆ. ಅದರಲ್ಲಿ ನನ್ನ ಹೆಸರೂ ಇದೆ, ಇರಬೇಕಾದದ್ದೇ. ಕೊರಗಪ್ಪನ ತಪ್ಪಿಲ್ಲ ಎಂದು ಹೊಸ ಕಾಗದವಾಗಿದೆ. ಅದನ್ನು ಶೀಲಾವತಿಗೆ ಇನ್ಸ್‌ಪೆಕ್ಟರರೇ ಮುಟ್ಟಿಸಿದ್ದಾರೆ.

ನಿನ್ನ ಅಮ್ಮಿ ನನ್ನ ತಾಟು ತೊಳೆಯುವುದನ್ನು ಬಿಟ್ಟಿದ್ದಾಳೆ. ಅನ್ನ ಹಾಕುತ್ತಾಳೆ, ತಾಟು ಮುಟ್ಟುವುದಿಲ್ಲ. ನಾನೇ ತೊಳೆದುಕೊಳ್ಳುತ್ತೇನೆ.

ಬಾ ಎಂದು ಬರೆಯುವ ಧೈರ್ಯ ಇಲ್ಲ.

ಇಮಾಮಸಾಬ


ಘಾಟ್ಕೋಪರ್
27 ಆಗಸ್ಟ್ 1974

ಅಬ್ಬಾ ಅವರಿಗೆ,

ಕಾಗದ ತಲುಪಿತು. ಎರಡನೆಯ ಸಲ ಓದಲು ಆಗಲಿಲ್ಲ.

ನನಗೆ ಇನ್ನೂ ಕೆಲಸ ಸಿಕ್ಕಿಲ್ಲ. ಸಿಗುತ್ತದೆ. ವಿಮೆಯವರು ವರದಿಯ ಬಗ್ಗೆ ಮಾತನಾಡಲು ಒಂದು ಸಲ ಕರೆದಿದ್ದರು. ಅವರಲ್ಲೊಬ್ಬ ಮುದುಕರು, ಯಂತ್ರ ಮೊದಲು ಎಲ್ಲಿ ನಿಂತಿತು, ಯಾಕೆ ನಿಂತಿತು ಎಂದು ಮೂರು ಸಲ ಕೇಳಿ ಬರೆದುಕೊಂಡರು. ಮಾರ್ಚಿನಲ್ಲಿ ಕಾರ್ಡು ತೆಗೆದವಳು ನಾನೇ ಎಂಬುದನ್ನೂ ಅವರಿಗೆ ಹೇಳಿದೆ. ಅದನ್ನೂ ಬರೆದುಕೊಂಡರು.

ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಆ ಕೈ ನೆನಪಾದರೆ ಈಗಲೂ ಹೇಸಿಗೆಯಾಗುತ್ತದೆ. ಅದು ಯಾವಾಗ ಹೋಗುತ್ತದೋ, ಹೋಗುತ್ತದೋ ಇಲ್ಲವೋ, ಗೊತ್ತಿಲ್ಲ.

ಬರುವ ಭಾನುವಾರ ಮೊದಲು ವಡಾಲಕ್ಕೆ, ಶೀಲಕ್ಕನ ಮನೆಗೆ ಹೋಗುತ್ತೇನೆ. ಅವರು ಒಳಗೆ ಕರೆದರೆ ಕೂರುತ್ತೇನೆ. ಕರೆಯದಿದ್ದರೆ ಬಾಗಿಲಲ್ಲೇ ನಿಂತು, ನಾನು ಮಾಡಿದ್ದನ್ನೂ ಹೇಳುತ್ತೇನೆ. ಆಮೇಲೆ ಅವರನ್ನೇ ಕೇಳುತ್ತೇನೆ, ಅಬ್ಬಾನ ಹತ್ತಿರ ಹೋಗಲೇ ಎಂದು. ಹೋಗು ಅಂದರೆ ದಾದರಿನವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿ ಗಾಡಿ ಹತ್ತಿ ಮಲಾಡಿಗೆ ಬರುತ್ತೇನೆ.

ಸ್ಟೇಷನ್ನಿಗೆ ಬಂದು ಕಾಯಬೇಡಿ.

ಜೈತುನ